ಅಮ್ಮಾವ್ರ ಗಾಡಿ

ಲಿಫ್ಟ್ ಮೆಕ್ಯಾನಿಕ್ಕನ ಮನೆ ಮೂರನೆಯ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಕೇಳಿದವರೆಲ್ಲ ನಗುತ್ತಿದ್ದರು, ಅವನೂ ಸೇರಿಕೊಂಡು ನಗುತ್ತಿದ್ದ. ಆದರೆ ಆ ಗುರುವಾರ ಥೆರಪಿ ಮೇಡಂ ಒಂದು ಕಡೆ, ತಾನೊಂದು ಕಡೆ ಹಿಡಿದು ಗಾಡಿಯನ್ನು ಐವತ್ತನಾಲ್ಕು ಮೆಟ್ಟಿಲು ಹೊತ್ತು ತಂದಾಗ ಅವನಿಗೆ ನಗಲು ಉಸಿರು ಉಳಿದಿರಲಿಲ್ಲ.

ಗಾಡಿಯೆಂದರೆ ಆಟದ ಕಾರಿಗಿಂತ ಗಟ್ಟಿ, ಕುರ್ಚಿಗಿಂತ ತಗ್ಗು. ಹಿಂದೆ ಬ್ಯಾಟರಿ, ಅಡಿಯಲ್ಲಿ ಮೋಟರು, ಸುತ್ತ ದಪ್ಪ ರಬ್ಬರಿನ ಅಂಚು. ಕೂತವರ ಎದೆಯ ಮುಂದೆ ಒಂದು ಹಲಗೆ, ಹಲಗೆಯ ಮೇಲೆ ಅಂಗೈಗಿಂತ ಅಗಲದ ಒಂದು ಹಳದಿ ಬಟನ್. ಒತ್ತಿದರೆ ಗಾಡಿ ಮುಂದಕ್ಕೆ ಹೋಗುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಅಪಾಯ ಕಂಡರೆ ನಿಲ್ಲಿಸಲು ದೊಡ್ಡವರ ಕೈಗೆ ಬೇರೊಂದು ಕೆಂಪು ಸ್ವಿಚ್ ಕೊಟ್ಟಿದ್ದರು.

ಅದರಲ್ಲಿ ಕೂರಬೇಕಾದವಳು ಅವನ ಮಗಳು. ವಯಸ್ಸು ಎರಡೂ ಮುಕ್ಕಾಲು. ಕಾಲು ಮೈಯನ್ನು ಹೊರುವುದಿಲ್ಲ, ಕತ್ತು ಬೇಗ ಸೋಲುತ್ತದೆ, ಬಲಗೈಯ ಮುಷ್ಟಿ ಬಿಚ್ಚುವುದಿಲ್ಲ, ಮಾತು ಬಂದಿಲ್ಲ. ಎಡಗೈ ಒಂದು ಮಾತ್ರ ಅವಳು ಹೇಳಿದ್ದನ್ನು ಕೇಳುತ್ತದೆ. ದಿಂಬಿಗೆ ಒರಗಿ, ರೆಪ್ಪೆ ಬಡಿಯದೆ, ಮನೆಯವರ ಓಡಾಟವನ್ನೆಲ್ಲ ತನಿಖೆ ಮಾಡುವಂತೆ ನೋಡುತ್ತ ಕೂರುವ ಅವಳಿಗೆ ಅಜ್ಜಿ, ಅಂದರೆ ಮೆಕ್ಯಾನಿಕ್ಕನ ತಾಯಿ, ಅಮ್ಮಾವ್ರು ಎಂದು ಹೆಸರಿಟ್ಟಿದ್ದಳು. "ಬೇಗ ಬೇಗ ಕೆಲಸ ಮಾಡ್ರಪ್ಪಾ, ಅಮ್ಮಾವ್ರು ನೋಡ್ತಾ ಇದ್ದಾರೆ" ಎನ್ನುತ್ತಿದ್ದಳು. ಹುಟ್ಟಿದಾಗ ಇಟ್ಟ ಹೆಸರು ಈಗ ಆಸ್ಪತ್ರೆಯ ಚೀಟಿಗಳಲ್ಲಿ ಮಾತ್ರ ಉಳಿದಿತ್ತು.

"ಆರು ವಾರ" ಎಂದರು ಥೆರಪಿ ಮೇಡಂ, ಮಗುವಿನ ಸೊಂಟಕ್ಕೆ ಪಟ್ಟಿ ಬಿಗಿಯುತ್ತ. "ಬಟನ್ ಒತ್ತಿದ್ರೆ ಗಾಡಿ ಹೋಗತ್ತೆ, ಹೋಗ್ತಿರೋದು ತನ್ನಿಂದಾನೇ ಅಂತ ಅವಳಿಗೆ ಗೊತ್ತಾಗಿದ್ದು ನನ್ನ ಕಣ್ಣಿಗೆ ಕಾಣಿಸ್ಬೇಕು. ಅಷ್ಟೇ ಪರೀಕ್ಷೆ. ಪಾಸಾದ್ರೆ ಗಾಡಿ ಇಲ್ಲೇ ಇರತ್ತೆ, ದೊಡ್ಡವಳಾದ ಮೇಲೆ ತಿರುಗಿಸೋ ಕಡ್ಡಿ ಇರೋ ಕುರ್ಚಿಗೆ ಬರೀತೀನಿ. ಇಲ್ಲಾಂದ್ರೆ ಇದು ಮುಂದಿನ ಮಗುಗೆ ಹೋಗ್ಬೇಕು. ಹನ್ನೊಂದು ಮಕ್ಕಳು ಕಾಯ್ತಾ ಇದ್ದಾರೆ. ಇನ್ನೊಂದು ಮಾತು. ಈ ಸೀಟಿನ ಕೆಳಗಿರೋ ಡಬ್ಬಿ ಬಿಚ್ಚಬೇಡಿ."

ಈ ಕಡೆಯ ಮಾತನ್ನು ಗಿಣಿಗೆ ಹೇಳುವಂತೆ ಮೂರು ಸಲ ಹೇಳಿದರು. ಅವನ ಉದ್ಯೋಗ ಅವರಿಗೆ ಗೊತ್ತಿತ್ತು.

ಅಮ್ಮಾವ್ರು ಹಲಗೆಯನ್ನು ನೋಡಿದಳು, ಹಳದಿಯನ್ನು ನೋಡಿದಳು, ಎಡಗೈಯೆತ್ತಿ ಪಟ್ಟೆಂದು ಹೊಡೆದಳು. ಗಾಡಿ ಒಂದು ಮೊಳ ಎಗರಿತು. ಅವಳ ತಲೆ ಹಿಂದಿನ ಮೆತ್ತೆಗೆ ಬಡಿಯಿತು, ಕಣ್ಣು ಅಗಲವಾಯಿತು, ಬಾಯಿ ದುಂಡಗೆ ತೆರೆದುಕೊಂಡಿತು. ಸದ್ದು ಮಾತ್ರ ಬರಲಿಲ್ಲ. "ಅಯ್ಯೋ, ಕೂಸು ಹೆದರ್ಕೊಂಡ್ತು!" ಎಂದು ಅಜ್ಜಿ ಕೂಗುವಷ್ಟರಲ್ಲಿ ಅಪ್ಪ ಕೆಂಪು ಸ್ವಿಚ್ ಒತ್ತಿ ಮಗುವನ್ನು ಎತ್ತಿಕೊಂಡಾಗಿತ್ತು. ಅಭ್ಯಾಸವಾಗುತ್ತದೆ ಬಿಡಿ ಎಂದು ಮೇಡಂ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಇಲ್ಲಿ ಅವನ ಗುಣ ಸ್ವಲ್ಪ ಹೇಳಬೇಕು. ಅವನು ಕೂತಲ್ಲಿ ಕೂರುವವನಲ್ಲ. ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ನೆಟ್ಟಗಿರುವ ಗಡಿಯಾರ ಬಿಚ್ಚುತ್ತಾನೆ, ಸದ್ದು ಮಾಡದ ಫ್ಯಾನಿಗೆ ಎಣ್ಣೆ ಬಿಡುತ್ತಾನೆ. "ನಿನ್ನ ಕೈ ಸುಮ್ನಿರಲ್ವಲ್ಲೋ" ಎಂದು ತಾಯಿ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಅಂಥವನ ಮನೆಯಲ್ಲಿ ಬಿಚ್ಚಬೇಡಿ ಎಂದು ಹೇಳಿ ಒಂದು ಡಬ್ಬಿ ಇಟ್ಟುಹೋದರೆ ಏನಾಗಬೇಕೋ ಅದೇ ಆಯಿತು.

ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಗಾಜಿನ ಲೋಟ ಕೊಟ್ಟುಹೋಗಿದ್ದ. ಯಾವ ಲಿಫ್ಟ್ ರಿಪೇರಿ ಮಾಡಿದರೂ ಕೊನೆಗೆ ಆ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಲಿಫ್ಟಿನ ನೆಲದ ಮೇಲಿಟ್ಟು ಕೆಳಗಿನಿಂದ ಮೇಲಿನವರೆಗೆ ಓಡಿಸಬೇಕು. ಒಂದು ಹನಿ ಚೆಲ್ಲಿದರೂ ಕೆಲಸ ಮುಗಿದಿಲ್ಲ ಎಂದರ್ಥ. "ಲಿಫ್ಟ್ ಹೊರಟಿದ್ದು ಒಳಗಿರೋರಿಗೆ ಗೊತ್ತೇ ಆಗ್ಬಾರ್ದು ಕಣೋ" ಎನ್ನುತ್ತಿದ್ದ ಮೇಸ್ತ್ರಿ. "ಗೊತ್ತಾಯ್ತೋ, ನೀನು ಕೆಟ್ಟೆ." ಹದಿನಾರು ವರ್ಷದಲ್ಲಿ ಶಿಷ್ಯ ಒಂದು ಹನಿ ಚೆಲ್ಲಿರಲಿಲ್ಲ. ಊರಿನ ಲಿಫ್ಟುಗಳಲ್ಲೆಲ್ಲ ನೀರನ್ನು ಅಲ್ಲಾಡದ ಹಾಗೆ ಸಾಗಿಸಿದವನ ಮಗಳ ಕತ್ತು ಅವನ ಕಣ್ಣೆದುರೇ ಹಾಗೆ ಎಗರಿದರೆ ಅವನು ಹೇಗೆ ಸುಮ್ಮನಿರಲಿ?

ಶನಿವಾರ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಡಬ್ಬಿ ಬಿಚ್ಚಿದ. ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಟೈಮರ್ ಸೇರಿಸಿದ. ಲಿಫ್ಟಿನಲ್ಲಿ ಬಾಗಿಲು ಮುಚ್ಚಿತೇ, ಬ್ರೇಕ್ ಬಿಟ್ಟಿತೇ ಎಂದು ನೋಡಿಕೊಂಡೇ ಮೋಟರು ಹೊರಡುತ್ತದಲ್ಲ, ಹಾಗೆ. ಬಟನ್ ಮೇಲೆ ಕೈ ಎರಡು ಸೆಕೆಂಡು ನಿಂತಿರಬೇಕು. ಆಮೇಲೆ ಗಾಡಿ ಮೆಲ್ಲಗೆ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೊರಡುತ್ತದೆ. ಸೀಟಿನ ಮೇಲೆ ಮೇಸ್ತ್ರಿಯ ಲೋಟ ಇಟ್ಟು ತಾನೇ ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಂದು ಹನಿಯೂ ಚೆಲ್ಲಲಿಲ್ಲ. ಅವನಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟು ಖುಷಿಯಾಯಿತು.

ಅಂದಿನಿಂದ ಅಮ್ಮಾವ್ರ ತಲೆ ಮೆತ್ತೆಗೆ ಬಡಿಯಲಿಲ್ಲ. ಅವಳು ಬಟನ್ ಹೊಡೆಯುತ್ತಿದ್ದಳು, ಏನೂ ಆಗುತ್ತಿರಲಿಲ್ಲ. ಇನ್ನೊಮ್ಮೆ ಹೊಡೆಯುತ್ತಿದ್ದಳು, ಮತ್ತೆ ಏನೂ ಇಲ್ಲ. ಎಂದಾದರೊಮ್ಮೆ ಕೈ ಸೋತು ಬಟನ್ ಮೇಲೆಯೇ ಬಿದ್ದಿದ್ದರೆ, ಅವಳು ಅಜ್ಜಿಯನ್ನೋ ಕಿಟಕಿಯನ್ನೋ ನೋಡುತ್ತಿರುವಾಗ ಗಾಡಿ ತನ್ನ ಪಾಡಿಗೆ ತಾನು ಹೊರಡುತ್ತಿತ್ತು. "ಅದೇನು ದೆವ್ವದ ಗಾಡೀನೋ" ಎನ್ನುತ್ತಿದ್ದಳು ಅಜ್ಜಿ.

ಎರಡನೆಯ ವಾರ ಬಂದ ಥೆರಪಿ ಮೇಡಂ ಕಾಲು ಗಂಟೆ ನೋಡಿದರು. "ಹೊಡೀತಾಳೆ, ಆದ್ರೆ ಕಾಯಲ್ಲ. ಗಾಡಿ ಹೋದ್ರೆ ಬಟನ್ ಕಡೆ ನೋಡಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಇನ್ನೂ ಹತ್ತಿಲ್ಲ" ಎಂದರು. ಆಮೇಲೆ ಬಗ್ಗಿ, "ಇದು ಹೊರಡೋದು ಸ್ವಲ್ಪ ನಿಧಾನ ಅಲ್ವಾ?" ಎಂದು ಕೇಳಿದರು.

"ಬ್ಯಾಟರಿ ಇಳಿದಿರಬೇಕು ಮೇಡಂ" ಎಂದ ಅವನು. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಜಾರಿದ್ದು ಕಂಡು ಅವನಿಗೇ ಆಶ್ಚರ್ಯವಾಯಿತು. ನಿಜ ಹೇಳಿದರೆ ಗಾಡಿ ಅವತ್ತೇ ವಾಪಸ್ ಹೋಗುತ್ತದೆ ಎಂಬ ಭಯ.

ನಾಲ್ಕನೆಯ ವಾರಕ್ಕೆ ಅಮ್ಮಾವ್ರು ಹೊಡೆಯುವುದನ್ನೂ ಬಿಟ್ಟಳು. ಗಾಡಿಯಲ್ಲಿ ಕೂರಿಸಿದರೆ ಎಡಗೈಯನ್ನು ಬಲಗಂಕುಳಿಗೆ ಸಿಕ್ಕಿಸಿಕೊಂಡು, ಜನ ಹೇಗೆ ಬಸ್ಸಿಗೆ ಕಾಯುತ್ತಾರೋ ಹಾಗೆ ಕೂರುತ್ತಿದ್ದಳು. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು. ಅಪ್ಪ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಕಾಲಿಗೆ ಚಕ್ರ ಕಟ್ಟಿದವನಂತೆ ತಿರುಗಿದ. "ಚಕ್ರ ಇರೋ ಅಮ್ಮಾವ್ರು ಕೂತಿದ್ದಾರೆ, ಇಲ್ಲದ ನೀನು ತಿರುಗ್ತಿದೀಯ" ಎಂದಳು ಅಜ್ಜಿ. ಯಾರೂ ನಗಲಿಲ್ಲ.

ಅವನ ಹೆಂಡತಿ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಕೂರಿಸುವವಳು. ಮಾತು ಕಡಿಮೆ. ಊಟದ ಹೊತ್ತಿಗೆ ಅಲ್ಲಿ ಹೆಂಗಸರೆಲ್ಲ ತಂತಮ್ಮ ಮಕ್ಕಳ ದೂರು ಬಿಚ್ಚುತ್ತಾರಂತೆ: ಒಬ್ಬಳ ಮಗ ಎಣ್ಣೆ ಚೆಲ್ಲಿದ, ಇನ್ನೊಬ್ಬಳ ಮಗಳು ಹಿಟ್ಟಿನ ಡಬ್ಬಿ ಬೋರಲು ಹಾಕಿದಳು. ಅವಳು ಡಬ್ಬಿಯ ಮುಚ್ಚಳ ಒರೆಸುತ್ತ ಕೇಳಿಸಿಕೊಳ್ಳುತ್ತಾಳೆ. ಒಂದು ಸಂಜೆ ಪಾತ್ರೆ ತೊಳೆಯುತ್ತ, ಗಂಡನ ಕಡೆ ತಿರುಗದೆ ಹೇಳಿದಳು: "ಮೂರು ವರ್ಷ ಆಗ್ತಾ ಬಂತು ರೀ. ನಮ್ಮನೇಲಿ ಒಂದು ಲೋಟ ಒಡೆದಿಲ್ಲ. ಒಂದ್ಸಲ ಬಂದು ನನ್ನ ಕೆಲಸ ಕೆಡಿಸ್ಲಿ, ಸಾಕು." ಅವನು ನಲ್ಲಿಯ ವಾಷರ್ ಬಿಚ್ಚತೊಡಗಿದ.

ಐದನೆಯ ವಾರ ಮುಗಿದ ಮರುದಿನ, ಶುಕ್ರವಾರ, ಒಂದು ವಿಮೆ ಆಫೀಸಿನಿಂದ ದೂರು ಬಂತು: ನಾಲ್ಕನೆಯ ಮಹಡಿಗೆ ಲಿಫ್ಟ್ ಬರುತ್ತಿಲ್ಲ. ಹೋಗಿ ಬಟನ್ ಒತ್ತಿದ. ಲಿಫ್ಟ್ ಬಂತು. ಇನ್ನೊಮ್ಮೆ ಒತ್ತಿದ, ಮತ್ತೆ ಬಂತು. ಈ ಜನಕ್ಕೆ ಮಾಡಲು ಬೇರೆ ಕೆಲಸವಿಲ್ಲ ಎಂದು ಬೈದುಕೊಂಡು ಮೇಲಿನ ಮೋಟರು, ಹಗ್ಗ, ಬ್ರೇಕು ಎಲ್ಲ ನೋಡಿಬಂದ. ಎಲ್ಲ ಸರಿಯಾಗಿತ್ತು.

ಆಗ ಕಂಕುಳಲ್ಲಿ ಫೈಲಿಟ್ಟುಕೊಂಡ ಒಬ್ಬ ಗುಮಾಸ್ತೆ ಅವಸರದಿಂದ ಬಂದಳು. ಬಟನ್ ಒತ್ತಿ ತೆಗೆದಳು, ಇನ್ನೆರಡು ಸಲ ಟಪಟಪ ಹೊಡೆದಳು, ತುಟಿ ಕೊಂಕಿಸಿ ಮೆಟ್ಟಿಲ ಕಡೆ ನಡೆದಳು.

"ಮೇಡಂ, ನಿಲ್ಲಿ, ಬರ್ತಾ ಇದೆ!"

"ಬರ್ತಾ ಇದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಒತ್ತಿದ್ರೆ ದೀಪ ಹತ್ತಲ್ಲ, ಸದ್ದಿಲ್ಲ, ಏನಿಲ್ಲ. ನಮ್ಮಲ್ಲಿ ಎಷ್ಟೋ ಜನ ಒತ್ತೋದನ್ನೇ ಬಿಟ್ಟು ಒಂದು ವಾರ ಆಯ್ತು" ಎಂದು ಹೇಳುತ್ತಲೇ ಅವಳು ಅರ್ಧ ಮೆಟ್ಟಿಲು ಇಳಿದಿದ್ದಳು. ಅವಳ ಬೆನ್ನ ಹಿಂದೆ ಲಿಫ್ಟ್ ಬಂದು, ಬಾಗಿಲು ತೆರೆದು, ಯಾರೂ ಹತ್ತದೆ ಮತ್ತೆ ಮುಚ್ಚಿಕೊಂಡಿತು.

ಅವನು ಬಟನ್ನಿನ ತಗಡು ಬಿಚ್ಚಿದ. ಒಳಗೆ ಕಡಲೆಕಾಳಿನಷ್ಟು ಪುಟ್ಟ ಬಲ್ಬು ಸುಟ್ಟುಹೋಗಿತ್ತು. ಹೊಸದು ಹಾಕಿ ಒತ್ತಿದ. ಒತ್ತಿದ್ದೇ ತಡ ದೀಪ ಹತ್ತಿತು. ಬೆರಳು ಬಟನ್ ಮೇಲೆಯೇ ಇತ್ತು. ಅಭ್ಯಾಸಬಲದಿಂದ ಒಂದು, ಎರಡು ಎಂದು ಎಣಿಸಿದ. ಎರಡು ಎಂದವನು ಬೆರಳು ಸುಟ್ಟುಕೊಂಡವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

ನೊಣ ಹೊಡೆದಂತೆ ಪಟ್ಟೆಂದು ಹೊಡೆದು ಕೈ ತೆಗೆಯುವವಳು ಅವನ ಮಗಳು. ಎರಡು ಸೆಕೆಂಡು ಕೈ ನಿಲ್ಲಿಸುವ ಶಕ್ತಿ ಅವಳಿಗೆ ಎಲ್ಲಿತ್ತು? ಅವಳು ಹೊಡೆದಾಗ ಗಾಡಿ ಹೊರಡಲಿಲ್ಲ, ಹೊರಟಾಗ ಅವಳು ಹೊಡೆದಿರಲಿಲ್ಲ. ಲಿಫ್ಟಿನೊಳಗೆ ಇರುವವರಿಗೆ ಗೊತ್ತಾಗಬಾರದು, ನಿಜ. ಆದರೆ ಇದರಲ್ಲಿ ಕೂತವಳಿಗೆ ಗೊತ್ತಾಗಲೇಬೇಕಿತ್ತು. ಗೊತ್ತಾಗುವುದೊಂದೇ ಪರೀಕ್ಷೆಯಾಗಿತ್ತು! ಇರಲಾರದೆ ಇರುವೆ ಬಿಟ್ಟುಕೊಂಡಿದ್ದು ಸಾಲದೆಂದು, ಮಗುವಿನ ಮೈಮೇಲೆ ಬಿಟ್ಟಿದ್ದ.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ. ಮನೆಗೆ ಎರಡು ನಿಲ್ದಾಣ ಇರುವಾಗಲೇ ಇಳಿದು ಓಡಿದ. ಹೆಂಡತಿ ಇನ್ನೂ ಬಂದಿರಲಿಲ್ಲ. ಡಬ್ಬಿ ಬಿಚ್ಚಿ ಟೈಮರ್ ಕಿತ್ತುಹಾಕಲು ಐದು ನಿಮಿಷವೂ ಹಿಡಿಯಲಿಲ್ಲ. ಮಗುವನ್ನು ಕೂರಿಸಿದ. ಅಮ್ಮಾವ್ರು ಎಡಗೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಅವನು ಮೆಲ್ಲಗೆ ಆ ಕೈ ಬಿಡಿಸಿ, ತನ್ನ ಕೈಯಿಂದ ಬಟನ್ ಮೇಲೆ ಒತ್ತಿದ. ಗಾಡಿ ಎಗರಿತು. ಅವಳು ಬಟನ್ ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ಗಾಡಿ ಓಡಿಸುವುದು ಅಪ್ಪನ ಕೈ ಎಂದು ಅವಳಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಉಳಿದದ್ದು ಆರು ದಿನ. ಕೆಲಸಕ್ಕೆ ರಜೆ ಹಾಕಿದ. ಬಟನ್ನಿಗೆ ಬಣ್ಣದ ಕಾಗದ ಅಂಟಿಸಿದ, ಗೆಜ್ಜೆ ಕಟ್ಟಿದ, ಎದುರಿಗೆ ಕೂತು ತಾನೇ ನೆಲ ಬಡಿದು ತೋರಿಸಿದ. ಅವನು ಹೆಚ್ಚು ಕುಣಿದಷ್ಟೂ ಅಮ್ಮಾವ್ರು ಹೆಚ್ಚು ಗಂಭೀರವಾಗಿ ಅವನನ್ನೇ ನೋಡಿದಳು. ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆಯುವುದು, ಹೇಳದೆ ನೀರು ಕುಡಿಯುವುದು, ಹೀಗೆ ಬುಧವಾರವೂ ಕಳೆಯಿತು.

ಗುರುವಾರ ಹೆಂಡತಿ ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದಳು. ಥೆರಪಿ ಮೇಡಂ ಹತ್ತೂವರೆಗೆ ಬಂದು, ಎಂದಿನಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುಸ್ತಕ ತೆರೆದರು. ಮೆಟ್ಟಿಲು ಹತ್ತಿ ಬಂದವರಿಗೆ ಅಜ್ಜಿ ನೀರು ತಂದುಕೊಟ್ಟಳು. ಬಂದವರಿಗೆ ಗಾಜಿನದರಲ್ಲೇ ಕೊಡಬೇಕೆಂಬ ಅವಳ ಹಟಕ್ಕೆ ಮನೆಯಲ್ಲಿದ್ದದ್ದು ಮೇಸ್ತ್ರಿಯ ಲೋಟ ಒಂದೇ. ಮೇಡಂ ಎರಡು ಗುಟುಕು ಕುಡಿದು ಪಕ್ಕದಲ್ಲಿ ಇಟ್ಟುಕೊಂಡರು.

ಅಪ್ಪ ಗೆಜ್ಜೆ ಅಲ್ಲಾಡಿಸಿದ. ಅಮ್ಮ "ಒತ್ತು ಕಂದಾ, ಒತ್ತು" ಎಂದಳು. ಅಮ್ಮಾವ್ರು ಕೈ ಹೊರಗೆ ತೆಗೆಯಲಿಲ್ಲ. ಇಪ್ಪತ್ತು ನಿಮಿಷವಾಯಿತು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಬೇಜಾರು ಮಾಡ್ಕೋಬೇಡಿ" ಎಂದರು. "ಕೆಲವು ಮಕ್ಕಳಿಗೆ ಇದು ಅರ್ಥ ಆಗೋಕೆ ಇನ್ನೂ ಟೈಮ್ ಬೇಕು."

ಹೆಂಡತಿ ತಲೆಯಾಡಿಸಿದಳು. "ಇರ್ಲಿ ಮೇಡಂ. ಅವಳ ತಲೆಗೆ ಹತ್ತೋದಿಲ್ಲ ಅಂದ್ರೆ ನೀವು ತಾನೇ ಏನ್ ಮಾಡ್ತೀರಿ" ಎಂದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಮಗುವಿಗೆ ಕೇಳಿಸಬಾರದೆಂದು ಹೇಳಿದಂತಿತ್ತು.

ಆ ಮಾತನ್ನು ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. ಗಾಡಿ ಹೋದರೆ ಹೋಗಲಿ. ತಾನು ಮಾಡಿದ್ದಕ್ಕೆ ಮಗಳು ದಡ್ಡಿಯೆಂದು ಪುಸ್ತಕದಲ್ಲಿ ಉಳಿಯುವುದೇ?

"ಬರೀಬೇಡಿ ಮೇಡಂ. ಅವಳದ್ದು ಏನೂ ತಪ್ಪಿಲ್ಲ. ಡಬ್ಬಿ ನಾನು ಬಿಚ್ಚಿದೆ." ಎಲ್ಲವನ್ನೂ ಹೇಳಿದ: ಮೊದಲ ದಿನದ ಹೊಡೆತ, ಟೈಮರ್, ಎರಡು ಸೆಕೆಂಡು. ಹೇಳುವಷ್ಟು ಹೊತ್ತೂ ನಿಂತ ಕಾಲಲ್ಲಿ ನಿಲ್ಲಲಾಗದೆ ಪಾದ ಬದಲಿಸುತ್ತಿದ್ದ.

"ಎಷ್ಟು ದಿನ ಇತ್ತು ಅದು?"

"ಮೂವತ್ತನಾಲ್ಕು ದಿನ. ಹೋದ ಶುಕ್ರವಾರ ತೆಗೆದೆ."

"ನಿಧಾನ ಯಾಕೆ ಅಂತ ಕೇಳಿದ್ದೆ. ಬ್ಯಾಟರಿ ಅಂದ್ರಿ."

"ಸುಳ್ಳು ಹೇಳ್ದೆ."

ಹೆಂಡತಿ ಅವನನ್ನೇ ನೋಡುತ್ತಿದ್ದಳು. ಕೂಗಾಡಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. "ಅಂದ್ರೆ ಆವಾಗೆಲ್ಲ ಅವಳು ಹೊಡೀತಾ ಇದ್ದಿದ್ದು..." ಎಂದು ನಿಲ್ಲಿಸಿದಳು.

"ಸರಿಯಾಗೇ ಹೊಡೀತಾ ಇದ್ಲು ಕಣೇ."

ಥೆರಪಿ ಮೇಡಂಗೆ ಸಿಟ್ಟು ಬಂದಿತ್ತು. ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ. "ನಿಮ್ಮ ಕಥೆ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ನಾನು ಕಣ್ಣಾರೆ ಕಂಡಿದ್ದನ್ನೇ ಬರೀಬೇಕು. ಇನ್ನು ಅರ್ಧ ಗಂಟೆ ಇರ್ತೀನಿ. ಗೆಜ್ಜೆ ಬಿಚ್ಚಿ. ಎಲ್ಲರೂ ಗೋಡೆ ಹತ್ರ ಹೋಗಿ ಕೂತ್ಕೊಳಿ. ಯಾರೂ ಹೇಳ್ಕೊಡ್ಬೇಡಿ, ಅವಳ ಕಡೆ ನೋಡ್ಲೂ ಬೇಡಿ. ಮುಖ್ಯವಾಗಿ ನೀವು."

ಕೂತರು. ಅವನ ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ. ಕೆಂಪು ಸ್ವಿಚ್ ಕೈಯಲ್ಲಿತ್ತು. ಕಾಲು ಅಲ್ಲಾಡದಂತೆ ಇನ್ನೊಂದು ಕೈಯಿಂದ ಮೊಣಕಾಲು ಅದುಮಿ ಹಿಡಿದ. ನೆಲದ ಟೈಲ್ಸ್ ಎಣಿಸಿದ, ಮುಗಿದ ಮೇಲೆ ಅಡ್ಡಡ್ಡ ಎಣಿಸಿದ. ಮುಳ್ಳಿನ ಮೇಲೆ ಕೂತವನಿಗೂ ಅಷ್ಟು ಚುಚ್ಚಿರಲಾರದು. ಹತ್ತು ನಿಮಿಷವಾಯಿತು, ಹದಿನೈದು ಆಯಿತು. ಹೆಂಡತಿಯ ಉಸಿರು ಪಕ್ಕದಲ್ಲೇ ಕೇಳುತ್ತಿತ್ತು.

ಅಮ್ಮಾವ್ರು ಒಬ್ಬೊಬ್ಬರನ್ನಾಗಿ ನೋಡಿದಳು. ಅಜ್ಜಿ ಗೋಡೆ ನೋಡುತ್ತಿದ್ದಾಳೆ, ಅಮ್ಮ ಸೀರೆಯ ಅಂಚು ನೋಡುತ್ತಿದ್ದಾಳೆ, ಅಪ್ಪ ನೆಲ ನೋಡುತ್ತಿದ್ದಾನೆ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ಅವಳನ್ನು ನೋಡದೆ ಅಷ್ಟು ಹೊತ್ತು ಕೂತದ್ದಿಲ್ಲ. ಆಳುಗಳ ಈ ಸೊಕ್ಕು ಅವಳಿಗೆ ಸಹಿಸಲಾಗಲಿಲ್ಲ. ಮೂಗು ಕೆಂಪಾಯಿತು. ಕಂಕುಳಿನಿಂದ ಎಡಗೈ ಹೊರಬಂತು, ಮೇಲೆದ್ದಿತು, ಸಿಟ್ಟಿನಿಂದ ಹಲಗೆಗೆ ಅಪ್ಪಳಿಸಿತು.

ಗಾಡಿ ಒಂದು ಮೊಳ ಎಗರಿತು. ತಲೆ ಮೆತ್ತೆಗೆ ಬಡಿಯಿತು, ಕಣ್ಣು ಅಗಲವಾಯಿತು, ಬಾಯಿ ದುಂಡಗೆ ತೆರೆಯಿತು. ಸದ್ದಿಲ್ಲ. ಥೇಟ್ ಮೊದಲ ದಿನದ ಮುಖ. "ಅಯ್ಯೋ, ಕೂಸು..." ಎಂದಳು ಅಜ್ಜಿ. ಅವನ ಹೆಬ್ಬೆರಳು ಆಗಲೇ ಕೆಂಪು ಸ್ವಿಚ್ಚಿನ ಮೇಲಿತ್ತು. ಒತ್ತಲಿಲ್ಲ. ಹೇಗೆ ಒತ್ತದೆ ಉಳಿದನೋ ಅವನಿಗೇ ತಿಳಿಯದು.

ಒಂದು. ಎರಡು.

ತೆರೆದ ಬಾಯಿಯಿಂದ ಬಿಕ್ಕಳಿಕೆಯಂಥದ್ದೊಂದು ಹೊರಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಮೈಯೆಲ್ಲ ಕುಲುಕುವ ನಗು. ಅವಳ ನಗು ಹೊರಡಲು ಅಷ್ಟು ಹೊತ್ತು ಬೇಕಿತ್ತು, ಅಷ್ಟೇ. ಮೊದಲ ದಿನ ಅದು ಬಾಯಿಗೆ ಬರುವ ಮುನ್ನವೇ ಅವನು ಗಾಡಿ ನಿಲ್ಲಿಸಿ, ಹೆದರಿದ್ದಾಳೆ ಎಂದು ಎತ್ತಿಕೊಂಡುಬಿಟ್ಟಿದ್ದ. ಹೆದರಿದವನು ಅವನು. ಕೆಂಪು ಸ್ವಿಚ್ಚನ್ನು ಹೆಂಡತಿಯ ಮಡಿಲಿಗೆ ಹಾಕಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ನೋಡದೆ ಇರಲು ಮಾತ್ರ ಆಗಲಿಲ್ಲ.

ಅಮ್ಮಾವ್ರು ಈಗ ಯಾರನ್ನೂ ನೋಡುತ್ತಿರಲಿಲ್ಲ. ಹಳದಿ ಬಟನ್ ನೋಡುತ್ತಿದ್ದಳು. ಕೈಯೆತ್ತಿ ಹೊಡೆದಳು, ಗಾಡಿ ಎಗರಿತು. ಬಟನ್ ನೋಡಿದಳು, ಮತ್ತೆ ಹೊಡೆದಳು. ಥೆರಪಿ ಮೇಡಂ ಉಸಿರು ಬಿಗಿಹಿಡಿದು ಕೂತಿದ್ದರು. ಗಾಡಿ ನೇರ ತಮ್ಮ ಕಡೆಗೇ ಬರುತ್ತಿದೆಯೆಂದು ಅವರಿಗೆ ಹೊಳೆಯುವಷ್ಟರಲ್ಲಿ ಮೂರನೆಯ ಹೊಡೆತ ಬಿದ್ದಿತ್ತು. ರಬ್ಬರಿನ ಅಂಚು ಮೇಸ್ತ್ರಿಯ ಲೋಟಕ್ಕೆ ತಾಗಿತು. ಲೋಟ ಉರುಳಿ ಗೋಡೆಗೆ ಬಡಿದು ಫಳಾರನೆ ಒಡೆಯಿತು. ನೀರೆಲ್ಲ ಪುಸ್ತಕದ ಮೇಲೆ.

"ಏಯ್! ಏನೇ ಮಾಡ್ದೆ!" ಅಮ್ಮ ದಡಕ್ಕನೆ ಎದ್ದಳು. "ನಿನ್ನ ಕೈ ಒಂದು ನಿಮಿಷ ಸುಮ್ನಿರಲ್ವಾ? ಯಾರು ಬಳೀಬೇಕು ಇದನ್ನೆಲ್ಲ?"

ಎಂದವಳು ತನ್ನ ಧ್ವನಿ ತನಗೇ ಕೇಳಿಸಿ ಅಲ್ಲೇ ನಿಂತಳು. ಕೈ ಬಾಯಿಗೆ ಹೋಯಿತು. ಥೆರಪಿ ಮೇಡಂ ಒದ್ದೆ ಪುಸ್ತಕವನ್ನು ಒಂದು ಸಲ ಕೊಡವಿ, ಒಣಗಿದ್ದ ಒಂದು ಮೂಲೆ ಹುಡುಕಿ ಬರೆಯತೊಡಗಿದರು. "ಕೈ ಸುಮ್ನಿರತ್ತಾ? ಯಾರ ಮಗಳು!" ಎಂದಳು ಅಜ್ಜಿ. ಅವನು ಮಂಡಿಯೂರಿ ಗಾಜಿನ ಚೂರು ಆರಿಸುತ್ತಿದ್ದ. ಕಣ್ಣು ಮಂಜಾಗಿ ಚೂರು ಯಾವುದು, ನೀರು ಯಾವುದು ಕಾಣುತ್ತಿರಲಿಲ್ಲ.

"ತಪ್ಪಾಯ್ತು ಅಮ್ಮಾವ್ರೇ" ಎಂದ. "ಒಂದು ನಿಮಿಷ ತಡೀರಿ, ಗಾಜಿದೆ."

ಅಮ್ಮಾವ್ರು ತಡೆಯಲಿಲ್ಲ. ಪಟ್ಟೆಂದು ಹೊಡೆದಳು, ಗಾಡಿ ಬಂದು ಅವನ ಮೊಣಕೈಗೆ ಗುದ್ದಿತು. ಹೆಂಡತಿ ಬಾಯಿಂದ ಕೈ ತೆಗೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೂರು ವರ್ಷ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಕಲಿತಿದ್ದನ್ನೆಲ್ಲ ಒಂದೂ ಬಿಡದೆ ಮಗಳಿಗೆ ಬಾಯ್ತುಂಬ ಬೈದಳು.